ನಿವೃತ್ತಿಯ ವೀಸಾ ಬೇರೆ, ಟ್ಯೂಷನ್ನಿನ ಪರ್ಮಿಟ್ ಬೇರೆ

ಗಲ್ಫ್‌ನಲ್ಲಿ ಇಪ್ಪತ್ತೈದು, ಮೂವತ್ತು ವರ್ಷ ದುಡಿದ ನಮ್ಮವರ ಒಂದು ತಲೆಮಾರು ಈಗ ಅರುವತ್ತರ ಹೊಸ್ತಿಲಲ್ಲಿ ಉಂಟು. ಮಂಗಳೂರಿನಿಂದ ನೇರ ವಿಮಾನ ಇಲ್ಲದ ಕಾಲದಲ್ಲಿ ಬೊಂಬಾಯಿಗೆ ಬಸ್ಸು ಹತ್ತಿ ಹೋದವರು ಇವರು. ರಜೆಯಲ್ಲಿ ಊರಿಗೆ ಬಂದಾಗ ಮೊದಲೆಲ್ಲ ಇವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಊರಿಗೆ ಬಂದು ಏನು ಮಾಡುವುದು? ಅಂಗಡಿಯಾ, ರಿಕ್ಷಾವಾ, ನಾಲ್ಕು ಅಡಿಕೆ ಮರವಾ? ಈಗೀಗ ಪ್ರಶ್ನೆ ಬದಲಾಗಿದೆ. ದುಬೈಯಲ್ಲಿ ರಿಟೈರ್ ಆದವರಿಗೂ ವೀಸಾ ಕೊಡ್ತಾರಂತೆ, ಟ್ಯೂಷನ್ ಕೊಡಲಿಕ್ಕೂ ಸರಕಾರವೇ ಪರ್ಮಿಟ್ ಕೊಡ್ತದಂತೆ, ಹಾಗಾದರೆ ಹತ್ತು ಮಕ್ಕಳಿಗೆ ಅರಬಿಯೋ ಇಂಗ್ಲಿಷೋ ಹೇಳಿಕೊಟ್ಟುಕೊಂಡು ಅಲ್ಲೇ ಇದ್ದುಬಿಡಬಹುದಲ್ವಾ ಎಂದು ಕೇಳುತ್ತಾರೆ.

ಎರಡೂ ಸುದ್ದಿ ನಿಜ. ಆದರೆ ಎರಡನ್ನು ಕೂಡಿಸಿದಾಗ ಬರುವ ಲೆಕ್ಕ ನಮ್ಮವರು ಅಂದುಕೊಂಡಂತೆ ಇಲ್ಲ. ಟ್ಯೂಷನ್ನಿನಿಂದ ವೀಸಾ ಹುಟ್ಟುವುದಿಲ್ಲ, ವೀಸಾದಿಂದ ಟ್ಯೂಷನ್ನಿನ ಹಕ್ಕೂ ಹುಟ್ಟುವುದಿಲ್ಲ. ಇದನ್ನು ಸರಿಯಾಗಿ ತಿಳಿಯದೆ ಇದ್ದ ಉಳಿತಾಯವನ್ನೆಲ್ಲ ಅಲ್ಲಿನ ಬಾಡಿಗೆಗೆ ಸುರಿದು ಎರಡು ವರ್ಷ ಕಳೆದ ಮೇಲೆ ಕೈ ಖಾಲಿ ಮಾಡಿಕೊಂಡು ಬರುವುದಕ್ಕಿಂತ ಈಗಲೇ ಕುಳಿತು ಲೆಕ್ಕ ಹಾಕುವುದು ಲೇಸು.

ಮೊದಲು ವೀಸಾದ ಸಂಗತಿ. ಗಲ್ಫ್ ದೇಶಗಳಲ್ಲಿ ವಾಸ ಎಂದರೆ ಕೆಲಸ ಎಂದೇ ಅರ್ಥ ಇತ್ತು. ಕೆಲಸ ಮುಗಿದರೆ ವಾಸ ಮುಗಿಯಿತು. ಇದರ ಕಠಿಣ ಮುಖವನ್ನು ಕುವೈತ್‌ನಲ್ಲಿದ್ದವರು ನೋಡಿದ್ದಾರೆ. 60 ವರ್ಷ ದಾಟಿದ, ಪದವಿ ಇಲ್ಲದ ವಿದೇಶಿಯರ ಕೆಲಸದ ಪರ್ಮಿಟ್ ನವೀಕರಿಸುವುದಿಲ್ಲ ಎಂದು ಅಲ್ಲಿನ ಪ್ರಾಧಿಕಾರ 2020ರಲ್ಲಿ ಹೇಳಿತು, 2021ರ ಜನವರಿಯಿಂದ ಜಾರಿಗೂ ತಂದಿತು. ಆಮೇಲೆ ಕಾನೂನಿನ ಆಕ್ಷೇಪ ಬಂದು, 2022ರಲ್ಲಿ 250 ದಿನಾರ್ ಶುಲ್ಕ ಮತ್ತು ಖಾಸಗಿ ಆರೋಗ್ಯ ವಿಮೆಯ ಷರತ್ತಿನ ಮೇಲೆ ಬಾಗಿಲು ತೆರೆಯಿತು. ಹೊಟೇಲು, ಗ್ಯಾರೇಜು, ಬಕಾಲಗಳಲ್ಲಿ ಬದುಕು ಸವೆಸಿದ ಎಷ್ಟೋ ಮಂದಿ ಆ ನಡುವಿನ ಒಂದು ವರ್ಷದಲ್ಲೇ ಗಂಟುಮೂಟೆ ಕಟ್ಟಬೇಕಾಯಿತು.

ಯುಎಇ ಬೇರೆ ದಾರಿ ಹಿಡಿಯಿತು. 55 ದಾಟಿದ ನಿವೃತ್ತರಿಗೆ 5 ವರ್ಷದ, ಮತ್ತೆ ನವೀಕರಿಸಬಹುದಾದ ವೀಸಾ ಕೊಡುವ ತೀರ್ಮಾನವನ್ನು ಅಲ್ಲಿನ ಸಂಪುಟ 2018ರ ಸೆಪ್ಟೆಂಬರ್‌ನಲ್ಲಿ ಕೈಗೊಂಡಿತು. ದುಬೈ 2020ರಲ್ಲಿ ತನ್ನದೇ ನಿವೃತ್ತಿ ಯೋಜನೆಯನ್ನೂ ಶುರು ಮಾಡಿತು. ಷರತ್ತು ಏನು? 10 ಲಕ್ಷ ದಿರ್ಹಂ ಬೆಲೆಯ ಆಸ್ತಿ ಅಲ್ಲಿ ಇರಬೇಕು, ಇಲ್ಲವೇ 10 ಲಕ್ಷ ದಿರ್ಹಂ ಉಳಿತಾಯ ಇರಬೇಕು, ಅದೂ ಇಲ್ಲದಿದ್ದರೆ ತಿಂಗಳಿಗೆ 20 ಸಾವಿರ ದಿರ್ಹಂ, ದುಬೈಯಲ್ಲಾದರೆ 15 ಸಾವಿರ ದಿರ್ಹಂ ಆದಾಯ ತೋರಿಸಬೇಕು. 10 ಲಕ್ಷ ದಿರ್ಹಂ ಎಂದರೆ ನಮ್ಮ ರೂಪಾಯಿಯಲ್ಲಿ ಎರಡು ಕೋಟಿಗೂ ಮೇಲೆ.

ಈಗ ನಮ್ಮವರ ಕೈಗೆ ಬರುವುದೆಷ್ಟು ನೋಡೋಣ. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಸೇವೆ ಮುಗಿದಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಅನಂತರದ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ. ಒಟ್ಟು ಎರಡು ವರ್ಷದ ವೇತನ ಮೀರುವಂತಿಲ್ಲ. ಒಬ್ಬರ ಮೂಲ ವೇತನ 2,000 ದಿರ್ಹಂ, ಸೇವೆ 25 ವರ್ಷ ಎಂದು ಇಟ್ಟುಕೊಳ್ಳಿ. ಮೊದಲ ಐದು ವರ್ಷಕ್ಕೆ 7,000, ಮುಂದಿನ ಇಪ್ಪತ್ತು ವರ್ಷಕ್ಕೆ 40,000. ಒಟ್ಟು 47,000 ದಿರ್ಹಂ. ಬೇಕಾದದ್ದು 10 ಲಕ್ಷ. ಸಂಬಳ ಐದು ಸಾವಿರ ಇದ್ದರೂ ಅದರಲ್ಲಿ ಮೂಲ ವೇತನ ಎಂದು ಕಾಗದದಲ್ಲಿ ಬರೆದದ್ದು ಎರಡು ಸಾವಿರ ಮಾತ್ರ ಇರುವುದು ನಮ್ಮಲ್ಲಿ ಅಪರೂಪ ಏನಲ್ಲ. ಹಾಗೆ ಬರೆಸಿಕೊಂಡ ದಿನ ಯಾರೂ ಅರುವತ್ತನೇ ವಯಸ್ಸನ್ನು ಯೋಚಿಸುವುದಿಲ್ಲ.

ಹಾಗಾಗಿ ಈ ನಿವೃತ್ತಿ ವೀಸಾ ಯಾರಿಗೆ? ಅಲ್ಲಿ ಫ್ಲ್ಯಾಟ್ ಕೊಂಡವರಿಗೆ, ಸ್ವಂತ ವ್ಯಾಪಾರ ಬೆಳೆಸಿದವರಿಗೆ, ದೊಡ್ಡ ಹುದ್ದೆಯಲ್ಲಿದ್ದ ಇಂಜಿನಿಯರ್, ಡಾಕ್ಟರ್‌ಗಳಿಗೆ. ನಮ್ಮ ಸಮುದಾಯದಲ್ಲಿ ಅಂಥವರು ಇದ್ದಾರೆ, ಅಲ್ಲಾಹನು ಬರಕತ್ ಕೊಡಲಿ. ಆದರೆ ಟ್ಯೂಷನ್ ಕೊಟ್ಟು ಹೊಟ್ಟೆ ಹೊರೆಯುವ ಅಗತ್ಯ ಅವರಿಗೆ ಇಲ್ಲ. ಟ್ಯೂಷನ್ ಬೇಕಾದವರಿಗೆ ಈ ವೀಸಾ ಸಿಗುವುದು ಕಷ್ಟ. ವೀಸಾ ಸಿಗುವವರಿಗೆ ಟ್ಯೂಷನ್ ಬೇಕಿಲ್ಲ.

ಮತ್ತೂ ಒಂದು ಮಾತು. ನಿವೃತ್ತಿ ವೀಸಾ ಇರಲಿಕ್ಕೆ ಕೊಡುವ ಅನುಮತಿ, ದುಡಿಯಲಿಕ್ಕೆ ಅಲ್ಲ. ಇದು ಯುಎಇಯ ವಿಚಿತ್ರವೇನಲ್ಲ, ಲೋಕದ ಹೆಚ್ಚಿನ ದೇಶಗಳಲ್ಲೂ ಹೀಗೆಯೇ. ತಾಯ್ಲೆಂಡ್ 50 ದಾಟಿದ ವಿದೇಶಿಯರನ್ನು 8 ಲಕ್ಷ ಬಾತ್ ಬ್ಯಾಂಕಿನಲ್ಲಿ ತೋರಿಸಿದರೆ ಸಂತೋಷದಿಂದ ಇರಗೊಡುತ್ತದೆ, ಆದರೆ ಆ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ. ದೇಶಗಳು ನಿವೃತ್ತರಿಂದ ಬಯಸುವುದು ಅವರ ಖರ್ಚನ್ನು, ಅವರ ದುಡಿಮೆಯನ್ನಲ್ಲ. ಮನೆಯೊಳಗೆ ಕುಳಿತು ನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಡುವುದು ಉದ್ಯೋಗವಾ ಎಂದು ನಮ್ಮವರು ಕೇಳುತ್ತಾರೆ. ಹಣ ತೆಗೆದುಕೊಂಡರೆ ಉದ್ಯೋಗವೇ.

ಇನ್ನು ಟ್ಯೂಷನ್ನಿನ ಪರ್ಮಿಟ್. 2023ರ ಡಿಸೆಂಬರ್‌ವರೆಗೆ ಯುಎಇಯಲ್ಲಿ ಮನೆಯಲ್ಲಿ ಹಣ ಪಡೆದು ಪಾಠ ಹೇಳುವುದು ಕಾನೂನಿಗೆ ವಿರುದ್ಧವಾಗಿತ್ತು. ಆದರೂ ನಡೆಯುತ್ತಿತ್ತು ಎಂಬುದು ಶಾರ್ಜಾ, ಅಲ್ ನಹ್ದಾ, ಖಿಸೈಸ್‌ನ ಕಟ್ಟಡಗಳ ಲಿಫ್ಟ್‌ನಲ್ಲಿ ಅಂಟಿಸಿದ ಚೀಟಿ ನೋಡಿದವರಿಗೆಲ್ಲ ಗೊತ್ತು. ಆ ತಿಂಗಳಲ್ಲಿ ಶಿಕ್ಷಣ ಸಚಿವಾಲಯ ಮತ್ತು ಮಾನವ ಸಂಪನ್ಮೂಲ ಸಚಿವಾಲಯ ಸೇರಿ ಖಾಸಗಿ ಪಾಠಕ್ಕೆ ಪರ್ಮಿಟ್ ಜಾರಿಗೆ ತಂದವು. ಎರಡು ವರ್ಷದ ಪರ್ಮಿಟ್, ಶುಲ್ಕ ಇಲ್ಲ. ಶಾಲೆಯಲ್ಲಿ ಕಲಿಸುತ್ತಿರುವ ಶಿಕ್ಷಕರು, ಕೆಲಸ ಇಲ್ಲದೆ ಮನೆಯಲ್ಲಿರುವವರು, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, 15ರಿಂದ 18 ವರ್ಷದ ಶಾಲಾ ಮಕ್ಕಳು ಕೂಡ ಅರ್ಜಿ ಹಾಕಬಹುದು. ಅರ್ಜಿಯನ್ನು ಐದು ಕೆಲಸದ ದಿನಗಳಲ್ಲಿ ನೋಡುತ್ತಾರೆ. ತಿರಸ್ಕೃತವಾದರೆ ಆರು ತಿಂಗಳ ಬಳಿಕ ಮತ್ತೆ ಹಾಕಬಹುದು. ಒಂದು ನಡವಳಿಕೆ ಸಂಹಿತೆಗೆ ಸಹಿ ಹಾಕಬೇಕು. ಮಕ್ಕಳನ್ನು ಹೊಡೆಯುವುದು, ಬೈಯುವುದು, ಹೆದರಿಸುವುದು ಯಾವುದೂ ಇಲ್ಲ. ಬೆತ್ತ ಇಟ್ಟುಕೊಂಡು ಕಲಿತ, ಬೆತ್ತ ಇಟ್ಟುಕೊಂಡೇ ಕಲಿಸಿದ ತಲೆಮಾರಿಗೆ ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು.

ಒಳ್ಳೆಯ ನಿಯಮ. ಅದರಿಂದ ಬದುಕು ನಡೆಯುತ್ತದಾ? ಒಂದು ಮಗುವಿಗೆ ತಿಂಗಳಿಗೆ 300 ದಿರ್ಹಂ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹತ್ತು ಮಕ್ಕಳು ಎಂದರೆ 3,000. ಜುಲೈ, ಆಗಸ್ಟ್‌ನಲ್ಲಿ ಶಾಲೆ ರಜೆ, ಕುಟುಂಬಗಳೆಲ್ಲ ಊರಿಗೆ. ಆ ಎರಡು ತಿಂಗಳು ಸೊನ್ನೆ. ವರ್ಷಕ್ಕೆ 30,000, ಅಂದರೆ ತಿಂಗಳಿಗೆ 2,500 ಬಿತ್ತು. ನಿವೃತ್ತಿ ವೀಸಾಕ್ಕೆ ದುಬೈ ಕೇಳುವ 15 ಸಾವಿರ ಬರಬೇಕಾದರೆ ರಜೆಯೇ ಇಲ್ಲ ಎಂದು ಇಟ್ಟುಕೊಂಡರೂ ಐವತ್ತು ಮಕ್ಕಳು ಬೇಕು. ಅರುವತ್ತು ವರ್ಷದ ಒಬ್ಬರು ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಐವತ್ತು ಮಕ್ಕಳನ್ನು ಹೇಗೆ ಕುಳ್ಳಿರಿಸುವುದು? ಅಷ್ಟು ಮಕ್ಕಳು ಬಂದರೆ ಅದು ಮನೆಪಾಠ ಆಗಿ ಉಳಿಯುವುದಿಲ್ಲ, ಟ್ಯೂಷನ್ ಸೆಂಟರ್ ಆಗುತ್ತದೆ. ಅದಕ್ಕೆ ಬೇರೆಯೇ ಲೈಸೆನ್ಸ್.

ಗ್ರೀನ್ ವೀಸಾ ಉಂಟಲ್ಲ, ಸ್ವಂತ ಉದ್ಯೋಗದವರಿಗೆ ಐದು ವರ್ಷ ಕೊಡ್ತಾರಲ್ಲ ಎಂದು ಓದಿಕೊಂಡವರು ಕೇಳುತ್ತಾರೆ. ಅದಕ್ಕೆ ಪದವಿ ಅಥವಾ ವಿಶೇಷ ಡಿಪ್ಲೊಮಾ ಬೇಕು, ಸ್ವಂತ ಉದ್ಯೋಗದಿಂದ ಹಿಂದಿನ ಎರಡು ವರ್ಷದ ಆದಾಯ 3,60,000 ದಿರ್ಹಂ ತೋರಿಸಬೇಕು. 2024ರ ಅಕ್ಟೋಬರ್‌ನಲ್ಲಿ ದುಬೈ ಖಾಸಗಿ ಶಾಲೆಗಳ ಉತ್ತಮ ಶಿಕ್ಷಕರಿಗೆ ಗೋಲ್ಡನ್ ವೀಸಾ ಘೋಷಿಸಿತು, ಅದು ಶಾಲೆಯಲ್ಲಿ ಇರುವವರಿಗೆ. ಮನೆಪಾಠದವರಿಗೆ ಅಲ್ಲ.

ಉಳಿದದ್ದು ಮಕ್ಕಳ ವೀಸಾದಲ್ಲಿ ಇರುವ ದಾರಿ. ಮಗನೋ ಮಗಳೋ ಅಲ್ಲಿ ಒಳ್ಳೆಯ ಸಂಬಳದಲ್ಲಿದ್ದರೆ ತಂದೆ ತಾಯಿಯನ್ನು ತಮ್ಮ ಜವಾಬ್ದಾರಿಯಲ್ಲಿ ಇಟ್ಟುಕೊಳ್ಳಬಹುದು. ವರ್ಷ ವರ್ಷ ನವೀಕರಿಸಬೇಕು, ಆರೋಗ್ಯ ವಿಮೆ ಬೇಕೇ ಬೇಕು. ಅರುವತ್ತೈದು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ವಿಮೆಯ ಕಂತು ಎಷ್ಟು ಏರುತ್ತದೆ ಎಂದು ಮಕ್ಕಳಿಗೆ ಕೇಳಿ ನೋಡಿ. ಮಗನ ಕೆಲಸ ಹೋದರೆ ಎಲ್ಲರ ವೀಸಾವೂ ಒಟ್ಟಿಗೆ ಹೋಗುತ್ತದೆ. ಈ ದಾರಿಯಲ್ಲಿ ಇರುವ ಹಿರಿಯರಿಗೆ ಟ್ಯೂಷನ್ ಚೆನ್ನಾಗಿ ಒಪ್ಪುತ್ತದೆ. ಮನೆ ಖರ್ಚು ಮಗನದ್ದು, ತಮ್ಮ ಕೈಖರ್ಚು ತಮ್ಮದು. ಮಗನ ಮುಂದೆ ಐವತ್ತು ದಿರ್ಹಂಗೆ ಕೈ ಚಾಚುವ ಸಂಕಟ ಇಲ್ಲ. ಸೊಸೆಯೊಂದಿಗೆ ದಿನವಿಡೀ ಒಂದೇ ಹಾಲ್‌ನಲ್ಲಿ ಕುಳಿತುಕೊಳ್ಳುವ ಮುಜುಗರವೂ ಕಡಿಮೆ. ಆದರೆ ಇದು ಕೈಖರ್ಚಿನ ದಾರಿ, ಬದುಕಿನ ದಾರಿ ಅಲ್ಲ ಎಂಬುದು ಗೊತ್ತಿರಬೇಕು.

ಈಗ ನಮಗೆ ಹೆಚ್ಚು ಗೊತ್ತಿರುವ ವಿಷಯಕ್ಕೆ ಬರೋಣ. ಕಲಿಸುವುದು ಯಾವ ಭಾಷೆ?

ಮೂವತ್ತು ವರ್ಷ ಅರಬರ ನಡುವೆ ಇದ್ದೇನೆ, ಅರಬಿ ನೀರು ಕುಡಿದ ಹಾಗೆ ಎನ್ನುವವರು ಬಹಳ. ಮಾತಾಡಿಸಿ ನೋಡಿದರೆ ಅದು ಅಂಗಡಿಯ ಅರಬಿ, ಸೈಟಿನ ಅರಬಿ. "ಅನಾ ರೂಹ್ ಸೂಕ್" ಎನ್ನುತ್ತಾರೆ. ರೂಹ್ ಎಂದರೆ ಹೋಗು ಎಂಬ ಆಜ್ಞೆ. ಕನ್ನಡದಲ್ಲಿ "ನಾನು ಹೋಗು ಪೇಟೆ" ಎಂದ ಹಾಗೆ. ಅರಬನಿಗೆ ಅರ್ಥವಾಗುತ್ತದೆ, ಅವನೂ ನಮ್ಮವರೊಂದಿಗೆ ಹಾಗೆಯೇ ಮಾತಾಡುತ್ತಾನೆ. ಮಲಯಾಳಿ, ಪಠಾಣ, ಬಂಗಾಳಿ, ಬ್ಯಾರಿ ಎಲ್ಲರೂ ಸೇರಿ ಕಟ್ಟಿದ ಭಾಷೆ ಅದು, ಅದರಲ್ಲಿ ವ್ಯಾಪಾರ ನಡೆಯುತ್ತದೆ, ಸ್ನೇಹವೂ ಆಗುತ್ತದೆ. ನಾವು ಅದನ್ನು ಹೀಯಾಳಿಸುವುದಿಲ್ಲ. ಆದರೆ ಮಗುವಿನ ಪರೀಕ್ಷೆಯ ಕಾಗದದಲ್ಲಿ "ಅನಾ ಅದ್‌ಹಬು ಇಲಸ್ಸೂಕ್" ಎಂದು ಬರೆಯಬೇಕು. ಒಂದು ಕ್ರಿಯಾಪದ ನಾನು, ನೀನು, ಅವನು, ಅವಳು, ಇಬ್ಬರು, ಹಲವರು ಎಂದಾಗ ಹೇಗೆ ಬದಲಾಗುತ್ತದೆ ಎಂದು ಗೊತ್ತಿಲ್ಲದವರು ಮಗುವಿಗೆ ಕಲಿಸಿದರೆ ಮಗುವಿಗೆ ಇದ್ದದ್ದೂ ಮರೆಯುತ್ತದೆ.

ಇನ್ನೊಂದು ಕಡೆ ನಮ್ಮಂಥವರು. ಕುರ್‌ಆನ್ ಓದಲು ಬರುತ್ತದೆ, ಅಕ್ಷರ ಚೆನ್ನಾಗಿ ಬರೆಯುತ್ತೇವೆ. ಆದರೆ ಓದುವುದು ಬೇರೆ, ಭಾಷೆ ಬೇರೆ. ಮದ್ರಸದ ಮಕ್ಕಳು ಫತಹ್, ಕಸರ್, ಳಮ್ಮ ಹಾಕಿದ ಬರಹವನ್ನು ಸರಾಗ ಓದುತ್ತಾರೆ. ಅವೆಲ್ಲ ತೆಗೆದು ಒಂದು ಪತ್ರಿಕೆ ಕೊಟ್ಟರೆ ತಡವರಿಸುತ್ತಾರೆ, ಅರ್ಥ ಕೇಳಿದರೆ ಮುಖ ನೋಡುತ್ತಾರೆ. ದರ್ಸ್‌ನಲ್ಲಿ ಮೀಝಾನ್, ಅಲ್ಫಿಯ್ಯ ಓದಿದವರ ಸಂಗತಿ ತಿರುಗುಮುರುಗು. ವ್ಯಾಕರಣ ಬೆರಳ ತುದಿಯಲ್ಲಿ ಉಂಟು, ಒಂದು ಕಪ್ ಚಹಾ ಕೊಡಿ ಎಂದು ಕೇಳಲು ನಾಲಗೆ ಏಳುವುದಿಲ್ಲ. ನಿಜ ಹೇಳಬೇಕಾದರೆ ಈ ಎರಡನೆಯವರು ಆರು ತಿಂಗಳು ಮಾತಿನ ಅಭ್ಯಾಸ ಮಾಡಿಕೊಂಡರೆ ಒಳ್ಳೆಯ ಅರಬಿ ಶಿಕ್ಷಕರಾಗುತ್ತಾರೆ. ಅಡಿಪಾಯ ಅವರಲ್ಲಿ ಉಂಟು. ಮೊದಲನೆಯವರಿಗೆ ಅಡಿಪಾಯವನ್ನೇ ಹಾಕಬೇಕು.

ಬೇಡಿಕೆ ಇರುವುದು ನಿಜ. ಯುಎಇಯ ಖಾಸಗಿ ಶಾಲೆಗಳಲ್ಲಿ ಅರಬೇತರ ಮಕ್ಕಳಿಗೂ ಒಂದನೇ ತರಗತಿಯಿಂದ ಒಂಬತ್ತರವರೆಗೆ ಅರಬಿ ಕಡ್ಡಾಯ. ನಮ್ಮ ಮಕ್ಕಳು, ಮಲಯಾಳಿ ಮಕ್ಕಳು, ಉತ್ತರ ಭಾರತದ ಮಕ್ಕಳು ಎಲ್ಲರೂ ಆ ಪುಸ್ತಕದ ಮುಂದೆ ಕಷ್ಟಪಡುತ್ತಾರೆ. ಅವರಿಗೆ ಅರಬ್ ಶಿಕ್ಷಕರು ಅರಬಿಯಲ್ಲೇ ವಿವರಿಸಿದರೆ ತಲೆಗೆ ಹೋಗುವುದಿಲ್ಲ. ಇಂಗ್ಲಿಷ್, ಹಿಂದಿ, ಮಲಯಾಳದಲ್ಲಿ ಬಿಡಿಸಿ ಹೇಳುವವರು ಬೇಕು. ಈ ಜಾಗ ನಮ್ಮವರದ್ದು ಆಗಬಹುದು. ಹಿಂದಿಗೂ ಹಾಗೆಯೇ. ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ದಕ್ಷಿಣದ ಮಕ್ಕಳು ಹಿಂದಿಯ ಕಾ, ಕೀ ಎಂದು ಒದ್ದಾಡುವುದು ಪ್ರತಿ ಮನೆಯ ಕತೆ. ಇಂಗ್ಲಿಷಿಗೆ ಸ್ಪರ್ಧೆ ಜಾಸ್ತಿ, ಬ್ರಿಟನ್ನಿನವರು, ಫಿಲಿಪೈನ್ಸ್‌ನವರು ಎಲ್ಲ ಇದ್ದಾರೆ. ಚಿಕ್ಕ ಮಕ್ಕಳಿಗೆ ಓದು ಕಲಿಸುವುದಾದರೆ ಸರಿ, ಅದಕ್ಕಿಂತ ಮೇಲೆ ಕೈ ಹಾಕುವ ಮೊದಲು ಯೋಚಿಸಬೇಕು.

ಕನ್ನಡ? ದುಬೈಯಲ್ಲಿ ಕನ್ನಡ ಮಿತ್ರರು ಸಂಘದವರು ಎಷ್ಟೋ ವರ್ಷಗಳಿಂದ ಕನ್ನಡ ಪಾಠಶಾಲೆಯನ್ನು ಉಚಿತವಾಗಿ ನಡೆಸುತ್ತಿದ್ದಾರೆ. ಸೇವೆಯಾಗಿ ನಡೆಯುವ ಕಡೆ ಹಣದ ಪಾಠಕ್ಕೆ ಗಿರಾಕಿ ಸಿಗುವುದು ಕಷ್ಟ, ಸಿಗದಿರುವುದೇ ಒಳ್ಳೆಯದು. ಕನ್ನಡ ಬಲ್ಲ ಹಿರಿಯರು ಅಲ್ಲಿ ಹೋಗಿ ಕೈಜೋಡಿಸಬಹುದು. ಇನ್ನು ಬ್ಯಾರಿ ಬಾಸೆ. 2007ರಲ್ಲಿ ನಮ್ಮ ಭಾಷೆಗೆ ಸರಕಾರದ ಅಕಾಡಮಿ ಬಂತು. ಶಾರ್ಜಾದ ಫ್ಲ್ಯಾಟಿನಲ್ಲಿ ಮೊಮ್ಮಕ್ಕಳು ಅಜ್ಜನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಾರೆ. ಈ ಪಾಠಕ್ಕೆ ಪರ್ಮಿಟ್ಟೂ ಬೇಡ, ಫೀಸೂ ಇಲ್ಲ, ಆದರೂ ಅದನ್ನು ಶುರು ಮಾಡುವವರು ಕಡಿಮೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡಬೇಕು. ಖಾಸಗಿ ಪಾಠದ ಪರ್ಮಿಟ್ ಇಟ್ಟುಕೊಂಡು ಕುರ್‌ಆನ್ ತರಗತಿ, ದೀನೀ ತರಗತಿ ನಡೆಸಬಹುದು ಎಂದು ಭಾವಿಸಬೇಡಿ. ಯುಎಇಯಲ್ಲಿ ಧಾರ್ಮಿಕ ಬೋಧನೆಗೆ ಬೇರೆ ಪ್ರಾಧಿಕಾರ, ಬೇರೆ ಅನುಮತಿ. ಲೈಸೆನ್ಸ್ ಇಲ್ಲದ ಆನ್‌ಲೈನ್ ಕುರ್‌ಆನ್ ಕೇಂದ್ರಗಳ ಬಗ್ಗೆ ಅಲ್ಲಿನ ಔಕಾಫ್ ಪ್ರಾಧಿಕಾರ 2024ರಲ್ಲಿ ಜನರನ್ನು ಎಚ್ಚರಿಸಿತು ಕೂಡ. ಒಳ್ಳೆಯ ಕೆಲಸ ತಾನೇ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಒಂದು ದೇಶದ ವೀಸಾ ತೆಗೆದುಕೊಂಡು ಒಳಗೆ ಹೋಗುವುದು ಒಂದು ಕರಾರು. ಕರಾರು ಪಾಲಿಸುವುದನ್ನು ಮಕ್ಕಳಿಗೆ ಕಲಿಸುವವರು ತಾವೇ ಅದನ್ನು ಮುರಿದು ಕಲಿಸುವುದು ಸರಿ ಕಾಣುವುದಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಮಗಳ ಮನೆಯಲ್ಲಿ ಮೂರು ತಿಂಗಳು ಟ್ಯೂಷನ್ ಕೊಟ್ಟು ಬರುವವರಿಗೂ ಇದೇ ಮಾತು.

ಹಾಗಾದರೆ ಈ ಪರ್ಮಿಟ್ ನಿಜವಾಗಿ ಯಾರಿಗಾಗಿ? ನಮ್ಮ ದೃಷ್ಟಿಯಲ್ಲಿ ಅದು ಅರುವತ್ತರ ಗಂಡಸರಿಗಿಂತ ನಲುವತ್ತರ ಹೆಣ್ಮಕ್ಕಳಿಗೆ ಬಂದ ಬಾಗಿಲು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬಿಎ, ಬಿಎಸ್ಸಿ, ಬಿಎಡ್ ಮಾಡಿ, ಮದುವೆಯಾಗಿ, ಗಂಡನ ವೀಸಾದಲ್ಲಿ ಹೋಗಿ, ಆ ಸರ್ಟಿಫಿಕೇಟನ್ನು ಕಪಾಟಿನಲ್ಲಿ ಇಟ್ಟು ಅಡುಗೆಮನೆಯಲ್ಲಿ ಹದಿನೈದು ವರ್ಷ ಕಳೆದ ಎಷ್ಟು ಮಂದಿ ಇಲ್ಲ! ಅವರ ವಾಸ ಗಂಡನ ವೀಸಾದಲ್ಲಿ ಭದ್ರ. ಬಾಡಿಗೆ, ವಿಮೆ, ಮನೆ ಖರ್ಚು ಟ್ಯೂಷನ್ನಿನ ಮೇಲೆ ನಿಂತಿಲ್ಲ. ಕೆಲಸ ಇಲ್ಲದವರು ಎಂಬ ವರ್ಗದಲ್ಲಿ ಅವರು ಅರ್ಜಿ ಹಾಕಬಹುದು. ಮನೆ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ, ಮಕ್ಕಳು ಶಾಲೆಯಿಂದ ಬಂದ ಮೇಲೆ ಎರಡು ಗಂಟೆ. ಅಲ್ಲಿ ಸ್ವಂತ ವ್ಯವಹಾರ ಮಾಡುವ ವ್ಯಕ್ತಿಗೆ ವರ್ಷದ ವಹಿವಾಟು 10 ಲಕ್ಷ ದಿರ್ಹಂ ಮೀರಿದರೆ ಮಾತ್ರ ಕಾರ್ಪೊರೇಟ್ ತೆರಿಗೆಯ ಪ್ರಶ್ನೆ. ಹತ್ತು ಮಕ್ಕಳ ಟ್ಯೂಷನ್ನಿಗೆ ಆ ಚಿಂತೆಯೇ ಇಲ್ಲ.

ಬಹಳ ಮನೆಗಳಲ್ಲಿ ಇದಕ್ಕೆ ಗಂಡ ಒಪ್ಪುವುದಿಲ್ಲ, ಹೆಂಡತಿ ದುಡಿಯುವ ಸ್ಥಿತಿ ನಮಗೆ ಬಂದಿಲ್ಲ ಎನ್ನುತ್ತಾರೆ. ಅವಳ ದುಡಿಮೆ ಅವಳದ್ದೇ, ಅದರಲ್ಲಿ ಗಂಡನಿಗೆ ಹಕ್ಕಿಲ್ಲ ಎಂದು ನಾವು ಮದ್ರಸದಲ್ಲಿ ಹೇಳಿಕೊಡುತ್ತೇವೆ. ದುಡಿಯಲು ಬಿಟ್ಟರೆ ತಾನೇ ಆ ಮಾತಿಗೆ ಅರ್ಥ ಬರುವುದು. ಸ್ಥಿತಿ ಬಂದಿಲ್ಲ ಎನ್ನುವ ಗಂಡಸರ ಗ್ರಾಚ್ಯುಟಿಯ ಲೆಕ್ಕವನ್ನು ಮೇಲೆ ಬರೆದಿದ್ದೇವೆ.

ಈ ಬಾಗಿಲಿಗೂ ನಿವೃತ್ತಿಗೂ ಸಂಬಂಧ ಏನು ಎಂದರೆ, ಟ್ಯೂಷನ್ ವಿಮಾನ ಹತ್ತುತ್ತದೆ, ವೀಸಾ ಹತ್ತುವುದಿಲ್ಲ. ಗಂಡನಿಗೆ 48, 50 ಆಗಿರುವಾಗ ಹೆಂಡತಿ ಐದಾರು ಮಕ್ಕಳಿಂದ ಶುರು ಮಾಡಿದರೆ ಹತ್ತು ವರ್ಷದಲ್ಲಿ ಮನೆಗಳ ನಂಬಿಕೆ ಗಳಿಸುತ್ತಾಳೆ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳುತ್ತಾರೆ, ಈ ವ್ಯಾಪಾರಕ್ಕೆ ಬೇರೆ ಜಾಹೀರಾತು ಇಲ್ಲ. ಕೊನೆಯ ಎರಡು ಮೂರು ವರ್ಷ ವಾರಕ್ಕೆ ಒಂದು ಪಾಠವನ್ನಾದರೂ ಕಂಪ್ಯೂಟರ್‌ನಲ್ಲಿ ನಡೆಸಿದರೆ ಮಕ್ಕಳಿಗೂ ಉಮ್ಮಂದಿರಿಗೂ ಅದು ರೂಢಿಯಾಗುತ್ತದೆ. ಆಮೇಲೆ ಕುಟುಂಬ ಉಳ್ಳಾಲಕ್ಕೋ ಪುತ್ತೂರಿಗೋ ಬಂದರೂ ಮಕ್ಕಳು ಬಿಡುವುದಿಲ್ಲ. ಊರಿಗೆ ಬಂದ ಮೇಲೆ ಮೊದಲ ಮಗುವನ್ನು ಹುಡುಕಲು ಹೊರಟವರಿಗೆ ಇದು ಸಿಗುವುದಿಲ್ಲ. ಆಗ ಪ್ರೆಪ್ಲಿಯಂಥ ಆನ್‌ಲೈನ್ ವೇದಿಕೆಗಳಿಗೆ ಹೋಗಬೇಕಾಗುತ್ತದೆ. ಅಲ್ಲಿ ಹೊಸ ವಿದ್ಯಾರ್ಥಿಯ ಮೊದಲ ಪಾಠದ ಹಣ ಪೂರ್ತಿ ಅವರಿಗೆ, ಆಮೇಲಿನ ಪಾಠಗಳಲ್ಲಿ ನೂರಕ್ಕೆ 33ರಿಂದ ಶುರುವಾಗಿ ಗಂಟೆಗಳು ಹೆಚ್ಚಿದಂತೆ 18ರವರೆಗೆ ಇಳಿಯುವ ಕಮಿಷನ್. ಗುರುತು ಪರಿಚಯ ಇಲ್ಲದವರಿಗೆ ಅದೂ ಒಂದು ದಾರಿ, ಬೇಡ ಎನ್ನುವುದಿಲ್ಲ.

ಊರಿನಿಂದ ಕಲಿಸುವುದರಲ್ಲಿ ಸಮಯ ಚೆನ್ನಾಗಿ ಹೊಂದುತ್ತದೆ. ನಾವು ಯುಎಇಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿ ಮಕ್ಕಳು ಶಾಲೆಯಿಂದ ಬಂದು ಊಟ ಮಾಡಿ ನಾಲ್ಕು ಗಂಟೆಗೆ ಕುಳಿತರೆ ಇಲ್ಲಿ ಐದೂವರೆ. ಇಲ್ಲಿ ಮಗ್ರಿಬ್ ಹೊತ್ತು ಬಿಟ್ಟು ಮುಂದೆ ಪಿಂಚೆ, ಆಮೇಲೆ ಎರಡು ಪಾಠ ಆರಾಮಲ್ಲಿ ಆಗುತ್ತದೆ. ಯುಎಇಯಲ್ಲಿ 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಸೌದಿಯಲ್ಲಿ ಶುಕ್ರವಾರ, ಶನಿವಾರ. ಎರಡೂ ಕಡೆ ಮಕ್ಕಳಿದ್ದರೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ವಾಟ್ಸ್ಆ್ಯಪ್ ಕರೆ ಯುಎಇಯಲ್ಲಿ ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಜೂಮ್, ಗೂಗಲ್ ಮೀಟ್, ಟೀಮ್ಸ್ ನಡೆಯುತ್ತವೆ, ಶಾಲೆಗಳೂ ಅವನ್ನೇ ಬಳಸುತ್ತವೆ.

ಹಣದ ವಿಷಯದಲ್ಲಿ ನಮ್ಮವರು ಉದಾಸೀನ ಮಾಡುವುದು ಜಾಸ್ತಿ. ಊರಲ್ಲಿ ಕುಳಿತು ಕಲಿಸಿದರೆ ಫೀಸು ದುಬೈಯಿಂದ ಬಂದರೂ ಅದು ಭಾರತದಲ್ಲಿ ದುಡಿದ ಹಣ, ಇಲ್ಲಿನ ಆದಾಯ ತೆರಿಗೆ ಕಾನೂನಿಗೆ ಒಳಪಟ್ಟದ್ದು. ಹೆದರಬೇಕಾಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ 12 ಲಕ್ಷ ರೂಪಾಯಿ ಆದಾಯದವರೆಗೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಆದರೆ ರಿಟರ್ನ್ ಹಾಕಿ, ಲೆಕ್ಕ ಇಡಿ. ಸೇವೆಯ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿಯೂ ಬೇಡ. ಫೀಸನ್ನು ಬ್ಯಾಂಕ್ ಮೂಲಕವೇ ತರಿಸಿ. ಅಲ್ಲಿ ಯಾರದ್ದೋ ಕೈಗೆ ದಿರ್ಹಂ ಕೊಡಿಸಿ ಇಲ್ಲಿ ಯಾರಿಂದಲೋ ರೂಪಾಯಿ ತೆಗೆದುಕೊಳ್ಳುವ ಹಳೆಯ ಅಭ್ಯಾಸ ಹವಾಲಾ ಎಂಬ ಹೆಸರಿನ ಅಪರಾಧ. ಹತ್ತು ಮಕ್ಕಳ ಫೀಸಿಗಾಗಿ ಅದರ ಬಾಯಿಗೆ ತಲೆ ಕೊಡುವುದು ಯಾಕೆ?

ಮತ್ತೆ ಆ ಎನ್‌ಆರ್‌ಇ ಖಾತೆ. ಊರಿಗೆ ಖಾಯಂ ಬಂದ ಮೇಲೂ ಐದಾರು ವರ್ಷ ಅದನ್ನು ಹಾಗೆಯೇ ಇಟ್ಟುಕೊಂಡವರು ನಮ್ಮ ಜಮಾಅತ್‌ಗಳಲ್ಲೇ ಇದ್ದಾರೆ. ಖಾಯಂ ಆಗಿ ಹಿಂದೆ ಬಂದವರು ಬ್ಯಾಂಕಿಗೆ ತಿಳಿಸಿ ಅದನ್ನು ಸಾಮಾನ್ಯ ನಿವಾಸಿ ಖಾತೆಯಾಗಿ ಬದಲಾಯಿಸಬೇಕು ಎಂಬುದು ವಿದೇಶಿ ವಿನಿಮಯ ಕಾನೂನು. ಆಮೇಲೆ ಅದರಲ್ಲಿ ಬರುವುದಕ್ಕೆ ಎನ್‌ಆರ್‌ಇ ಎಂಬ ತೆರಿಗೆ ವಿನಾಯಿತಿ ಇರುವುದಿಲ್ಲ.

ಕೇರಳದಲ್ಲಿ ಹಿಂದೆ ಬಂದವರಿಗೆ ಪ್ರವಾಸಿ ಕ್ಷೇಮನಿಧಿ ಉಂಟು. ದುಡಿಯುವಾಗ ತಿಂಗಳು ತಿಂಗಳು ಕಟ್ಟಿದರೆ ಅರುವತ್ತರ ಮೇಲೆ ಪಿಂಚಣಿ ಬರುತ್ತದೆ. ಗಡಿಯಾಚೆ ಮಂಜೇಶ್ವರದವರು ಅದಕ್ಕೆ ಸೇರಬಹುದು, ಈಚೆ ತಲಪಾಡಿಯವರಿಗೆ ಆ ಭಾಗ್ಯ ಇಲ್ಲ. ಇದನ್ನು ನಮ್ಮ ಶಾಸಕರ ಮುಂದೆ ಕೇಳಬೇಕಾದ ಸಂಘಗಳು ಗಲ್ಫ್‌ನಲ್ಲಿ ಬೇಕಾದಷ್ಟು ಇವೆ. ವಾರ್ಷಿಕೋತ್ಸವಕ್ಕೆ ಮಂತ್ರಿಗಳನ್ನು ಕರೆದು ಶಾಲು ಹೊದೆಸುವ ಹೊತ್ತಿನಲ್ಲಾದರೂ ಒಂದು ಮನವಿ ಕೈಗಿಡಬಹುದು.

ಭಾರತೀಯ ಪಠ್ಯಕ್ರಮದ ಶಾಲೆಗಳು ಯುಎಇಯಲ್ಲಿ ಎಪ್ರಿಲ್‌ನಲ್ಲಿ ಶುರುವಾಗುತ್ತವೆ. ಅರಬಿಗೆ, ಹಿಂದಿಗೆ ಟೀಚರ್ ಯಾರಿದ್ದಾರೆ ಎಂದು ಮನೆಗಳಲ್ಲಿ ಮಾತು ಹುಟ್ಟುವುದು ಮಾರ್ಚ್‌ನಲ್ಲಿ. ಪರ್ಮಿಟ್‌ಗೆ ಅರ್ಜಿ ಹಾಕುವವರು ಅದಕ್ಕೆ ಮೊದಲೇ ನಡತೆ ಪ್ರಮಾಣಪತ್ರ, ಆರೋಗ್ಯ ಪ್ರಮಾಣಪತ್ರ, ಅನುಭವದ ಕಾಗದ ಸಿದ್ಧ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಪಾಟಿನಲ್ಲಿರುವ ಬಿಎಡ್ ಸರ್ಟಿಫಿಕೇಟನ್ನೂ ಈ ರಜೆಯಲ್ಲಿ ಊರಿನಿಂದ ಜೊತೆಗೆ ತೆಗೆದುಕೊಂಡು ಹೋಗಿ.